ಒಂದು ಲೈನು, ಹಲವರ ಮಾತು: ಸರದಿ ಏರ್ಪಡಿಸುವ ಬಗೆ

ವಾಚನಾಲಯದ ಸಲಹಾ ಪುಸ್ತಕದಲ್ಲಿ ಕೆಲವು ತಿಂಗಳುಗಳಿಂದ ಒಂದೇ ದೂರು ಬೇರೆ ಬೇರೆ ಕೈಬರಹಗಳಲ್ಲಿ ಕಾಣಿಸಿಕೊಳ್ಳುತ್ತಿದೆ. ಮಧ್ಯಾಹ್ನ ಮೂರು ಗಂಟೆಗೆ ಹೋಟೆಲಿನ ಬಂಧುಗಳು ಬಿಡುವು ಮಾಡಿಕೊಂಡು ಬಂದು ಊರಿಗೆ ಕರೆ ಮಾಡಿದರೆ ಮಾತು ತುಂಡು ತುಂಡಾಗಿ ಕೇಳಿಸುತ್ತದೆ. ಸಂಜೆ ಆರೂವರೆಯ ಮೇಲೆ ಕಚೇರಿಗಳಿಂದ ಬರುವ ಗುಮಾಸ್ತ ಬಂಧುಗಳು ಪರೀಕ್ಷೆಯ ಅರ್ಜಿ ತುಂಬಲು ಕುಳಿತರೆ ಪುಟವೇ ತೆರೆಯುವುದಿಲ್ಲ. "ಲೈನು ಸಾಲದು, ಇನ್ನೂ ದೊಡ್ಡದು ಹಾಕಿಸಿ" ಎಂಬುದು ಹೆಚ್ಚಿನವರ ಸಲಹೆ. ಆದರೆ ಲೈನು ಸಾಲದಿರುವುದು ಕಾರಣವೋ, ಇರುವ ಲೈನಿನಲ್ಲಿ ಸರದಿ ಇಲ್ಲದಿರುವುದು ಕಾರಣವೋ ಎಂಬುದನ್ನು ಮೊದಲು ನೋಡಬೇಕು. ಸರದಿ ಏರ್ಪಡಿಸುವುದಕ್ಕೆ ಹಣ ಬೇಕಿಲ್ಲ. ಕಂಪ್ಯೂಟರಿಗೆ ಕೆಲವು ಸಾಲುಗಳ ಅಪ್ಪಣೆ ಬರೆದುಕೊಟ್ಟರೆ ಆಗುವ ಕೆಲಸ ಅದು. ಆದರೂ ಅದನ್ನು ಯಂತ್ರ ಬಲ್ಲವರೊಬ್ಬರಿಗೇ ವಹಿಸಿ ಸುಮ್ಮನಾಗುವುದು ಸರಿಯಲ್ಲ. ಯಾರ ಮಾತು ಮೊದಲು ಹೋಗಬೇಕು, ಯಾರದು ಕಾಯಬೇಕು ಎಂಬುದು ಇಲ್ಲಿಗೆ ಬರುವ ಎಲ್ಲರಿಗೂ ಸೇರಿದ ಪ್ರಶ್ನೆ. ಆದುದರಿಂದ ಇದನ್ನು ಎಲ್ಲರಿಗೂ ತಿಳಿಯುವಂತೆ ವಿವರಿಸಲು ಇಲ್ಲಿ ಯತ್ನಿಸಿದ್ದೇವೆ.

ಹಿಂದಿನ ಕಾಲದ ಸರದಿ

ಸಂದೇಶಗಳಲ್ಲಿ ಮುಂದು ಹಿಂದು ಮಾಡುವ ಪದ್ಧತಿ ಹೊಸದೇನೂ ಅಲ್ಲ. ನಮ್ಮ ದೇಶದಲ್ಲಿ ತಂತಿಯ ಸೌಕರ್ಯ ಸಾರ್ವಜನಿಕರಿಗೆ ದೊರೆತದ್ದು 1855ರಲ್ಲಿ. ಅದು ಮುಗಿದದ್ದು 2013ರ ಜುಲೈ ತಿಂಗಳಲ್ಲಿ. ತಂತಿ ಕಳುಹಿಸಿದ ಹಿರಿಯರಿಗೆ ಸಾಧಾರಣ ತಂತಿ, ಎಕ್ಸ್‌ಪ್ರೆಸ್ ತಂತಿ ಎಂಬ ಎರಡು ಬಗೆಗಳು ನೆನಪಿರಬಹುದು. ಎಕ್ಸ್‌ಪ್ರೆಸ್ ಎಂದು ಬರೆದು ಹೆಚ್ಚಿನ ಹಣ ಕಟ್ಟಿದರೆ ಆ ತಂತಿ ಉಳಿದವುಗಳಿಗಿಂತ ಮೊದಲು ಹೋಗುತ್ತಿತ್ತು. ಟ್ರಂಕ್ ಕಾಲಿನಲ್ಲಿಯಂತೂ ಮೂರು ಅಂತಸ್ತುಗಳಿದ್ದವು: ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್. ಮದರಾಸಿನಿಂದ ಉಡುಪಿಗೋ ಶಿವಮೊಗ್ಗಕ್ಕೋ ಆರ್ಡಿನರಿ ಕಾಲ್ ಬುಕ್ ಮಾಡಿ, ಇಡೀ ದಿನ ಫೋನಿನ ಪಕ್ಕದಲ್ಲಿ ಕಾದು ಕೂತವರು ಆ ಕಾಲದಲ್ಲಿ ಬಹಳ ಮಂದಿ. ಆಪರೇಟರ್ ಇಲ್ಲದೆ ನೇರವಾಗಿ ಊರಿಂದೂರಿಗೆ ಡಯಲ್ ಮಾಡುವ ಸೌಕರ್ಯ ಭಾರತದಲ್ಲಿ ಮೊದಲು ಬಂದದ್ದು 1960ರಲ್ಲಿ, ಕಾನ್ಪುರ ಮತ್ತು ಲಖನೌ ನಡುವೆ. ಅದು ಎಲ್ಲ ಊರುಗಳಿಗೂ ಹಬ್ಬುವವರೆಗೆ ಸರದಿಯ ಯಜಮಾನಿಕೆ ಆಪರೇಟರ್ ಕೈಯಲ್ಲಿತ್ತು.

ಈ ಹಳೆಯ ಪದ್ಧತಿಯಿಂದ ಎರಡು ಮಾತು ಕಲಿಯತಕ್ಕದ್ದುಂಟು. ಮೊದಲನೆಯದು, ಲೈಟ್ನಿಂಗ್ ಕಾಲಿನಿಂದ ಮದರಾಸು ಮತ್ತು ಬೆಂಗಳೂರಿನ ನಡುವೆ ಒಂದು ತಂತಿಯೂ ಹೆಚ್ಚುತ್ತಿರಲಿಲ್ಲ. ಒಬ್ಬನು ಬೇಗ ಮಾತಾಡಿದಷ್ಟು ಇನ್ನೊಬ್ಬನು ಹೆಚ್ಚು ಹೊತ್ತು ಕಾಯುತ್ತಿದ್ದನು, ಅಷ್ಟೇ. ಎರಡನೆಯದು, ಅಲ್ಲಿ ಮೊದಲ ಸ್ಥಾನ ಸಿಕ್ಕುತ್ತಿದ್ದದ್ದು ಹೆಚ್ಚು ಹಣ ಕೊಟ್ಟವನಿಗೆ. ಉಚಿತ ವಾಚನಾಲಯದಲ್ಲಿ ಈ ಎರಡನೆಯ ಅಳತೆಗೋಲು ನಡೆಯದು. ಹಾಗಾದರೆ ಯಾವ ಅಳತೆಗೋಲು? ಉತ್ತರಕ್ಕೆ ಮುಂಚೆ ಇಂಟರ್‌ನೆಟ್ಟಿನಲ್ಲಿ ಸಾಲು ಹೇಗೆ ಕಟ್ಟುತ್ತದೆಂಬುದನ್ನು ತಿಳಿಯೋಣ.

ಸಾಲು ಕಟ್ಟುವ ಸ್ಥಳ

ಇಂಟರ್‌ನೆಟ್ಟಿನಲ್ಲಿ ಮಾತಾಗಲಿ, ಚಿತ್ರವಾಗಲಿ, ಪತ್ರವಾಗಲಿ ಇಡಿಯಾಗಿ ಹೋಗುವುದಿಲ್ಲ. ಎಲ್ಲವನ್ನೂ ಚಿಕ್ಕ ಚಿಕ್ಕ ಪೊಟ್ಟಣಗಳಾಗಿ ಕಟ್ಟಿ, ಪ್ರತಿಯೊಂದರ ಮೇಲೂ ವಿಳಾಸ ಬರೆದು ಕಳುಹಿಸುತ್ತಾರೆ. ತಂತ್ರಜ್ಞರು ಇದನ್ನು ಪ್ಯಾಕೆಟ್ ಎನ್ನುತ್ತಾರೆ. ಸಾಮಾನ್ಯವಾಗಿ ಒಂದು ಪೊಟ್ಟಣದಲ್ಲಿ ಹೆಚ್ಚೆಂದರೆ 1,500 ಬೈಟುಗಳು, ಅಂದರೆ 12,000 ಬಿಟ್ಟುಗಳು ಹಿಡಿಯುತ್ತವೆ. ಮಾತಿನ ಪೊಟ್ಟಣ ಇದಕ್ಕಿಂತ ಬಹಳ ಚಿಕ್ಕದು. ಹಳೆಯ ಟೆಲಿಫೋನ್ ಪದ್ಧತಿಯ ಧ್ವನಿಗೆ ಸೆಕೆಂಡಿಗೆ 64,000 ಬಿಟ್ಟು ಸಾಕು. ವಿಳಾಸಗಳ ಭಾರ ಸೇರಿದರೂ ಒಂದು ಲಕ್ಷ ದಾಟುವುದಿಲ್ಲ. ಹೊಸ ಪದ್ಧತಿಗಳಿಗೆ ಇನ್ನೂ ಕಡಿಮೆ ಸಾಕು.

ಉದಾಹರಣೆಗೆ ಹೊರಕ್ಕೆ ಕಳುಹಿಸುವ ದಿಕ್ಕಿನಲ್ಲಿ ಸೆಕೆಂಡಿಗೆ 10 ಮೆಗಾಬಿಟ್, ಅಂದರೆ ಒಂದು ಕೋಟಿ ಬಿಟ್ಟು ಹೋಗಬಲ್ಲ ಲೈನನ್ನು ತೆಗೆದುಕೊಳ್ಳಿ. ಲೆಕ್ಕಪ್ರಕಾರ ಇದರಲ್ಲಿ ನೂರು ಜನರು ಒಮ್ಮೆಗೇ ಮಾತಾಡಬಹುದು. ಹೀಗಿದ್ದೂ ಹತ್ತು ಜನರ ಮಾತು ತುಂಡಾಗುವುದೇಕೆ?

ಕಾರಣವಿಷ್ಟು. ಲೈನಿನ ಬಾಯಲ್ಲಿ ಕೂತಿರುವ ಮೋಡೆಮ್ ಪೆಟ್ಟಿಗೆಯಲ್ಲಿ ಒಂದು ಸಣ್ಣ ಉಗ್ರಾಣವಿರುತ್ತದೆ. ಒಮ್ಮೆಗೇ ಬಂದ ಪೊಟ್ಟಣಗಳನ್ನು ಅದು ಅಲ್ಲಿಟ್ಟುಕೊಂಡು, ಬಂದ ಕ್ರಮದಲ್ಲಿಯೇ ಒಂದೊಂದಾಗಿ ಹೊರಗೆ ಬಿಡುತ್ತದೆ. ಬಂಧುಗಳೊಬ್ಬರು ವಾಚನಾಲಯಕ್ಕೆ ಕಾಲಿಟ್ಟೊಡನೆ ಅವರ ಫೋನು, ಅವರಿಗೆ ತಿಳಿಯದಂತೆಯೇ, ಊರಿನ ಜಾತ್ರೆಯ ಇನ್ನೂರು ಫೋಟೋಗಳನ್ನು ದೂರದ ಭಂಡಾರಕ್ಕೆ ಏರಿಸಲು ತೊಡಗುತ್ತದೆ. ಆ ಪೊಟ್ಟಣಗಳು ಉಗ್ರಾಣದಲ್ಲಿ ಹತ್ತು ಲಕ್ಷ ಬೈಟಿನಷ್ಟು ತುಂಬಿದವೆನ್ನಿ. ಅಷ್ಟು ಹೊರಗೆ ಹೋಗಲು 10 ಮೆಗಾಬಿಟ್ ಲೈನಿಗೆ 0.8 ಸೆಕೆಂಡು ಬೇಕು. ಆಗ ಬಂದ ಮಾತಿನ ಪೊಟ್ಟಣ, ತಾನು ಎಷ್ಟು ಚಿಕ್ಕದಾದರೂ, ಸುಮಾರು 670 ದೊಡ್ಡ ಪೊಟ್ಟಣಗಳ ಹಿಂದೆ ನಿಲ್ಲುತ್ತದೆ. ಸಂಭಾಷಣೆ ಹಿತವಾಗಿರಬೇಕಾದರೆ ಒಂದು ದಿಕ್ಕಿನ ತಡ 150 ಮಿಲಿಸೆಕೆಂಡು, ಅಂದರೆ 0.15 ಸೆಕೆಂಡಿನೊಳಗಿರುವುದು ಒಳ್ಳೆಯದೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು ಇದೆ. ಇಲ್ಲಿ ಅದರ ಐದು ಪಟ್ಟಿಗೂ ಹೆಚ್ಚು ತಡ. ಅದೇ ಮಾತಿನ ಪೊಟ್ಟಣವು ಒಂದೇ ಒಂದು ದೊಡ್ಡ ಪೊಟ್ಟಣದ ಹಿಂದೆ ನಿಂತಿದ್ದರೆ ತಡವಾಗುತ್ತಿದ್ದದ್ದು 1.2 ಮಿಲಿಸೆಕೆಂಡು ಮಾತ್ರ.

ಅರ್ಜಿಯ ಪುಟ ತೆರೆಯದಿರುವುದಕ್ಕೂ ಇದೇ ಕಾರಣ. ಪುಟ ಒಳಗೆ ಬರುವ ವಸ್ತುವಾದರೂ, "ಇಷ್ಟು ತಲುಪಿತು, ಮುಂದಿನದು ಕಳುಹಿಸಿ" ಎಂಬ ರಸೀತಿ ಹೊರಗೆ ಹೋಗಬೇಕು. ಆ ರಸೀತಿ ಫೋಟೋಗಳ ಹಿಂದೆ ಸಿಕ್ಕಿಬಿದ್ದರೆ ಒಳಗೆ ಬರುವುದೂ ನಿಧಾನವಾಗುತ್ತದೆ.

ಹೋಟೆಲಿನ ಬಂಧುಗಳಿಗೆ ಇದು ಹೇಳದೆಯೇ ತಿಳಿದಿರುವ ವಿಷಯ. ಮದುವೆಮನೆಗೆ ನಲವತ್ತು ಊಟದ ಪಾರ್ಸಲ್ ಕಟ್ಟುತ್ತಿರುವಾಗ ಒಂದು ಕಾಫಿ ಬೇಕೆಂದು ಗಿರಾಕಿ ಬಂದರೆ, ನಲವತ್ತೂ ಮುಗಿಯುವವರೆಗೆ ಅವನನ್ನು ಯಾರೂ ನಿಲ್ಲಿಸುವುದಿಲ್ಲ. ಒಂದು ಪಾರ್ಸಲ್ ಕಟ್ಟಿದ ಮೇಲೆ ಕಾಫಿ ಕೊಟ್ಟು ಕಳುಹಿಸಿ ಮತ್ತೆ ಪಾರ್ಸಲಿಗೆ ಕೈಹಾಕುತ್ತಾರೆ. ಕಾಫಿಯವನಿಗೆ ಬಹಳ ಹೊತ್ತು ಉಳಿಯಿತು. ಪಾರ್ಸಲಿನವನಿಗೆ ನಷ್ಟವಾದದ್ದು ಒಂದು ಲೋಟದ ಹೊತ್ತು. ಇಂಟರ್‌ನೆಟ್ಟಿನ ಸರದಿಯ ತಿರುಳು ಇಷ್ಟೇ. ನಮ್ಮ ಮೋಡೆಮಿಗೆ ಅಷ್ಟು ವಿವೇಕ ಇಲ್ಲದಿರುವುದರಿಂದ ಅದನ್ನು ನಾವು ಬರೆದುಕೊಡಬೇಕಾಗಿದೆ.

ಉಗ್ರಾಣ ದೊಡ್ಡದಾದರೆ ಸಾಲದು

ಉಗ್ರಾಣವನ್ನು ಇನ್ನಷ್ಟು ದೊಡ್ಡದು ಮಾಡಿದರೆ ಯಾವ ಪೊಟ್ಟಣವೂ ಕಳೆಯುವುದಿಲ್ಲವಲ್ಲ ಎಂದು ತೋರಬಹುದು. ಜಾನ್ ನೇಗಲ್ ಎಂಬ ಅಮೆರಿಕದ ತಂತ್ರಜ್ಞರು 1985ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಉಗ್ರಾಣ ಅನಂತವಾದರೂ ದಟ್ಟಣೆ ತಪ್ಪುವುದಿಲ್ಲ. ಪೊಟ್ಟಣಗಳು ಕಾದು ಕಾದು, ತಲುಪುವ ವೇಳೆಗೆ ಅವುಗಳಿಂದ ಪ್ರಯೋಜನವೇ ಇಲ್ಲದಂತಾಗುತ್ತದೆ ಎಂದು ಅವರು ತೋರಿಸಿದರು. ಅವರು ಸೂಚಿಸಿದ ಪರಿಹಾರ ಸರಳವಾದದ್ದು: ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸದೆ, ಕಳುಹಿಸುವ ಒಬ್ಬೊಬ್ಬರಿಗೂ ಒಂದೊಂದು ಸಾಲು ಮಾಡಿ, ಪ್ರತಿಯೊಂದು ಸಾಲಿನಿಂದಲೂ ಒಂದೊಂದರಂತೆ ಸುತ್ತು ಪ್ರಕಾರ ತೆಗೆದುಕೊಳ್ಳುವುದು. ಆಗ ಸಾವಿರ ಪೊಟ್ಟಣ ಸುರಿದವನು ತನ್ನ ಸಾಲನ್ನು ತಾನೇ ಉದ್ದ ಮಾಡಿಕೊಳ್ಳುತ್ತಾನೆ. ಪಕ್ಕದವನಿಗೆ ಅದರಿಂದ ಕೇಡಿಲ್ಲ.

ಮರುವರ್ಷ, 1986ರ ಅಕ್ಟೋಬರಿನಲ್ಲಿ, ಅಮೆರಿಕದ ಬರ್ಕ್‌ಲಿಯಲ್ಲಿ ನಾಲ್ಕುನೂರು ಗಜ ಅಂತರದ ಎರಡು ಸಂಸ್ಥೆಗಳ ನಡುವಿನ ಸಂಪರ್ಕವು ಸೆಕೆಂಡಿಗೆ 32,000 ಬಿಟ್ಟಿನಿಂದ 40 ಬಿಟ್ಟಿಗೆ ಇಳಿದುಹೋಯಿತು. ಲೈನು ಕಡಿದಿರಲಿಲ್ಲ, ಎಲ್ಲರೂ ಒಮ್ಮೆಗೇ ನುಗ್ಗಿದ್ದರು, ದಾರಿ ಸಿಗದಾಗ ಇನ್ನಷ್ಟು ನುಗ್ಗಿದ್ದರು. ಇದನ್ನು ಪರಿಶೀಲಿಸಿದ ವ್ಯಾನ್ ಜೇಕಬ್ಸನ್ ಎಂಬವರು, ಪೊಟ್ಟಣ ಕಳೆದುಹೋದರೆ ಕಳುಹಿಸುವ ಯಂತ್ರವು ಅದನ್ನು ಎಚ್ಚರಿಕೆಯೆಂದು ತಿಳಿದು ವೇಗ ತಗ್ಗಿಸಬೇಕೆಂಬ ಪದ್ಧತಿಯನ್ನು 1988ರಲ್ಲಿ ಪ್ರಕಟಿಸಿದರು. ಇಂದಿಗೂ ಇಂಟರ್‌ನೆಟ್ ನಿಂತಿರುವುದು ಈ ಸಂಯಮದ ಮೇಲೆ. ಉಗ್ರಾಣ ಅತಿಯಾಗಿ ದೊಡ್ಡದಾದರೆ ಎಚ್ಚರಿಕೆ ತಡವಾಗಿ ತಲುಪುತ್ತದೆ. ಆದುದರಿಂದ ಅವರೂ ಕ್ಯಾಥ್ಲೀನ್ ನಿಕೋಲ್ಸ್ ಎಂಬವರೂ ಸೇರಿ 2012ರಲ್ಲಿ, ಪೊಟ್ಟಣವು ಸಾಲಿನಲ್ಲಿ ಎಷ್ಟು ಹೊತ್ತು ಕಾದಿತೆಂದು ಅಳೆದು, ಮಿತಿ ಮೀರಿದರೆ ಒಂದೆರಡನ್ನು ಬಿಟ್ಟುಕೊಟ್ಟು ಎಚ್ಚರಿಸುವ ಕೋಡೆಲ್ ಎಂಬ ಉಪಾಯವನ್ನು ಪ್ರಕಟಿಸಿದರು. ಈ ಎರಡು ಉಪಾಯಗಳನ್ನು ಕೂಡಿಸಿದ್ದೇ ಎಫ್‌ಕ್ಯೂ-ಕೋಡೆಲ್. ಅದರ ಮುಂದಿನ ರೂಪ ಕೇಕ್. ಕೇಕ್ 2018ರಿಂದ ಲಿನಕ್ಸ್ ವ್ಯವಸ್ಥೆಯಲ್ಲಿಯೇ ಸೇರಿ ಉಚಿತವಾಗಿ ದೊರೆಯುತ್ತಿದೆ.

ಸಾಲನ್ನು ನಮ್ಮ ಅಂಗಳಕ್ಕೆ ತರುವುದು

ನಿಯಮ ಬರೆಯುವ ಮುಂಚೆ ಒಂದು ಮುಖ್ಯ ವಿಷಯವುಂಟು. ಸಾಲು ಕಟ್ಟುವುದು ಪರರ ಪೆಟ್ಟಿಗೆಯಲ್ಲಾದರೆ ನಮ್ಮ ನಿಯಮಕ್ಕೆ ಬೆಲೆಯಿಲ್ಲ. ಜೋಲಾರ್‌ಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ಹೋಗಿಬರುವ ನಾವು ಇದನ್ನು ರೈಲಿನಲ್ಲಿ ಕಂಡಿದ್ದೇವೆ. ಗೂಡ್ಸ್ ಗಾಡಿಯನ್ನು ನಿಲ್ದಾಣದ ಲೂಪ್ ಲೈನಿನಲ್ಲಿ ನಿಲ್ಲಿಸಿಕೊಂಡರೆ ಮೇಲ್ ಗಾಡಿಯನ್ನು ಮುಂದೆ ಬಿಡಬಹುದು. ಗೂಡ್ಸ್ ಒಮ್ಮೆ ಮುಂದಿನ ಹಳಿಗೆ ಹೊರಟುಬಿಟ್ಟರೆ, ಮೇಲ್ ಗಾಡಿಯೂ ಮುಂದಿನ ನಿಲ್ದಾಣದವರೆಗೆ ಅದರ ಹಿಂದೆಯೇ ತೆವಳಬೇಕು.

ಅಂತೆಯೇ ಮೋಡೆಮಿಗೂ ಕೋಣೆಯ ವೈಫೈ ಪೆಟ್ಟಿಗೆಗೂ ನಡುವೆ ಎರಡು ಜಾಲಕಾರ್ಡುಗಳುಳ್ಳ ಹಳೆಯ ಕಂಪ್ಯೂಟರೊಂದನ್ನು ಇಟ್ಟು, ಅದರಲ್ಲಿ ಲಿನಕ್ಸ್ ಹಾಕಿ, ಅದು ಲೈನಿನ ನಿಜವಾದ ವೇಗಕ್ಕಿಂತ ಸ್ವಲ್ಪ ಕಡಿಮೆಯಾಗಿ ಪೊಟ್ಟಣಗಳನ್ನು ಬಿಡುವಂತೆ ಮಾಡಬೇಕು. 10 ಮೆಗಾಬಿಟ್ ಇದ್ದರೆ 9 ಎಂದು ಬರೆಯುವುದು. ಆಗ ಮೋಡೆಮಿನ ಉಗ್ರಾಣ ತುಂಬುವುದೇ ಇಲ್ಲ. ಸಾಲು ನಮ್ಮ ಕಂಪ್ಯೂಟರಿನಲ್ಲಿ ಕಟ್ಟುತ್ತದೆ. ಹತ್ತರಲ್ಲಿ ಒಂದು ಪಾಲು ಬಿಟ್ಟುಕೊಟ್ಟದ್ದಕ್ಕೆ ಪ್ರತಿಯಾಗಿ ಸರದಿಯ ಅಧಿಕಾರ ನಮಗೆ ದೊರೆಯುತ್ತದೆ. ಇದು ಲಾಭದ ವ್ಯಾಪಾರವೆಂದೇ ನಮ್ಮ ಅಭಿಪ್ರಾಯ.

ಅಪ್ಪಣೆಯ ಸಾಲುಗಳು

ಚಿತ್ರಗಳನ್ನು ಒತ್ತದೆ, ಅಕ್ಷರಗಳಲ್ಲಿ ಅಪ್ಪಣೆ ಬರೆದು ಕಂಪ್ಯೂಟರಿನಿಂದ ಕೆಲಸ ಮಾಡಿಸುವ ಕಪ್ಪು ಪರದೆಗೆ ಕಮ್ಯಾಂಡ್ ಲೈನ್ ಎಂದು ಹೆಸರು. ಗುಮಾಸ್ತ ಬಂಧುಗಳು ಇದಕ್ಕೆ ಅಂಜಬೇಕಾದ್ದಿಲ್ಲ. ಕಚೇರಿಯ ಟಿಪ್ಪಣಿಯಂತೆಯೇ ಇಲ್ಲಿಯೂ ಯಾರಿಗೆ, ಏನು, ಎಷ್ಟು ಎಂಬ ಕ್ರಮವಿದೆ. ಅಪ್ಪಣೆಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ, ಓದುವ ರೀತಿಯಲ್ಲಿ ಅಚ್ಚುಮಾಡಿದ್ದೇವೆ. ಯಂತ್ರದಲ್ಲಿ ಇವನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ, ಪದಪದಕ್ಕೂ ನಡುವೆ ಜಾಗ ಬಿಟ್ಟು ಬರೆಯಬೇಕು. ಅದರ ಪ್ರತಿಯನ್ನು ಗ್ರಂಥಪಾಲಕರ ಮೇಜಿನ ಬಳಿ ಇಡಲಾಗುವುದು. ವ್ಯವಸ್ಥಾಪಕನ ಅಧಿಕಾರ ಬೇಕಾದುದರಿಂದ ಪ್ರತಿ ಸಾಲಿನ ಮುಂದೆ 'ಸುಡೊ' ಎಂಬ ಪದವನ್ನು ಸೇರಿಸಬೇಕು.

ಮೊದಲು ಈಗ ಯಾವ ನಿಯಮವಿದೆಯೆಂದು ನೋಡುವುದು:

ಟಿಸಿ ಕ್ಯೂಡಿಸ್ಕ್ ಶೋ

ಟಿಸಿ ಎಂಬುದು ಸಂಚಾರ ನಿಯಂತ್ರಣದ ಉಪಕರಣದ ಹೆಸರು. ಕ್ಯೂಡಿಸ್ಕ್ ಎಂದರೆ ಸಾಲಿನ ಶಿಸ್ತು. ಶೋ ಎಂದರೆ ತೋರಿಸು. ಜಾಲಕಾರ್ಡುಗಳ ಹೆಸರುಗಳೂ ಇದರಿಂದಲೇ ತಿಳಿಯುತ್ತವೆ. ಹೊರಗಿನ ಕಡೆಯ ಕಾರ್ಡು ಈಥ್0, ಕೋಣೆಯ ಕಡೆಯದು ಈಥ್1 ಎಂದಿಟ್ಟುಕೊಳ್ಳೋಣ. ಈಗ ನಿಯಮ:

ಟಿಸಿ ಕ್ಯೂಡಿಸ್ಕ್ ರಿಪ್ಲೇಸ್ ಡೆವ್ ಈಥ್0 ರೂಟ್ ಕೇಕ್ ಬ್ಯಾಂಡ್‌ವಿಡ್ತ್ 9ಎಂಬಿಟ್ ಡಿಫ್‌ಸರ್ವ್4 ನ್ಯಾಟ್ ಡ್ಯುಯಲ್-ಎಸ್‌ಆರ್‌ಸಿಹೋಸ್ಟ್

ಇದರ ಅರ್ಥ ಹೀಗೆ. "ಸಾಲಿನ ಶಿಸ್ತನ್ನು ಬದಲಾಯಿಸು; ಈಥ್0 ಎಂಬ ಕಾರ್ಡಿನಲ್ಲಿ, ಬುಡದಿಂದಲೇ; ಕೇಕ್ ಪದ್ಧತಿ ಇರಲಿ; ವೇಗ 9 ಮೆಗಾಬಿಟ್; ಪೊಟ್ಟಣಗಳನ್ನು ನಾಲ್ಕು ದರ್ಜೆ ಮಾಡು; ಒಂದೇ ಹೊರವಿಳಾಸದ ಹಿಂದೆ ಇರುವ ಒಬ್ಬೊಬ್ಬರನ್ನೂ ಬೇರೆ ಬೇರೆ ಗುರುತಿಸು; ಮೊದಲು ಆಳಿಗೊಂದು ಪಾಲು, ಆಮೇಲೆ ಅವರವರ ಕೆಲಸಗಳಿಗೆ ಒಂದೊಂದು ಪಾಲು."

ಕೊನೆಯ ಪದವೇ ನಮ್ಮಂಥ ಸ್ಥಳಕ್ಕೆ ಬಹಳ ಮುಖ್ಯ. ಅದಿಲ್ಲದಿದ್ದರೆ ಒಂದೇ ಫೋನಿನಲ್ಲಿ ಇಪ್ಪತ್ತು ಕೆಲಸಗಳನ್ನು ಒಮ್ಮೆಗೇ ತೆರೆದವನಿಗೆ ಇಪ್ಪತ್ತು ಪಾಲು, ಒಂದೇ ಕರೆ ಮಾಡುವವನಿಗೆ ಒಂದು ಪಾಲು ಎಂದಾಗುತ್ತದೆ.

ಒಳಗೆ ಬರುವ ದಿಕ್ಕಿಗೂ ಇಂಥದೇ ಸಾಲು ಬೇಕು. ದೂರದವರು ಕಳುಹಿಸಿಬಿಟ್ಟದ್ದನ್ನು ನಾವು ಹಿಂದಕ್ಕೆ ತಳ್ಳಲಾರೆವು. ಆದರೆ ಕೋಣೆಯ ಕಡೆಗೆ ಬಿಡುವಾಗ ತಡೆದು ಬಿಟ್ಟರೆ ಜೇಕಬ್ಸನ್ನರ ಸಂಯಮದ ಪದ್ಧತಿಯಂತೆ ಕಳುಹಿಸುವವನೇ ವೇಗ ತಗ್ಗಿಸುತ್ತಾನೆ. ಒಳಬರುವ ವೇಗ 40 ಇದ್ದರೆ, ಈಥ್1 ಕಾರ್ಡಿನ ಮೇಲೆ 36ಎಂಬಿಟ್ ಎಂದು ಬರೆದು, ಕೊನೆಯ ಪದವನ್ನು ಡ್ಯುಯಲ್-ಡಿಎಸ್‌ಟಿಹೋಸ್ಟ್ ಎಂದು ಬದಲಾಯಿಸಿ, ನ್ಯಾಟ್ ಎಂಬ ಪದವನ್ನು ಬಿಟ್ಟರಾಯಿತು.

ನಿಯಮ ಹೇಗೆ ನಡೆಯುತ್ತಿದೆಯೆಂದು ನೋಡಲು:

ಟಿಸಿ -ಎಸ್ ಕ್ಯೂಡಿಸ್ಕ್ ಶೋ ಡೆವ್ ಈಥ್0

ಇದು ನಾಲ್ಕು ದರ್ಜೆಗಳಲ್ಲಿ ಎಷ್ಟೆಷ್ಟು ಪೊಟ್ಟಣ ಹೋಯಿತು, ಎಷ್ಟು ಬಿಟ್ಟುಹೋಯಿತು, ಎಷ್ಟು ತಡವಾಯಿತು ಎಂಬ ಖಾತೆಯನ್ನು ಒಪ್ಪಿಸುತ್ತದೆ. ನಿಯಮ ಬೇಡವೆನಿಸಿದರೆ:

ಟಿಸಿ ಕ್ಯೂಡಿಸ್ಕ್ ಡೆಲ್ ಡೆವ್ ಈಥ್0 ರೂಟ್

ಇಷ್ಟು ಬರೆದರೆ ಎಲ್ಲವೂ ಮೊದಲಿನಂತಾಗುತ್ತದೆ. ಕರೆಂಟು ಹೋಗಿ ಯಂತ್ರ ಮತ್ತೆ ಹೊತ್ತಿಕೊಂಡಾಗಲೂ ನಿಯಮ ಮರೆತುಹೋಗುತ್ತದೆ. ಆದುದರಿಂದ ಈ ಸಾಲುಗಳನ್ನು ಯಂತ್ರ ಆರಂಭವಾಗುವಾಗ ತಾನಾಗಿ ಓದಿಕೊಳ್ಳುವ ಕಡತದಲ್ಲಿ ಬರೆದಿಡಬೇಕು.

ಪರೀಕ್ಷೆಯೂ ಸುಲಭ. ಲೈನು ಖಾಲಿಯಿದ್ದಾಗ 'ಪಿಂಗ್' ಎಂದು ಬರೆದು ದೂರದ ವಿಳಾಸವೊಂದನ್ನು ಕೊಟ್ಟರೆ, ಹೋಗಿಬರಲು ಎಷ್ಟು ಮಿಲಿಸೆಕೆಂಡು ಬೇಕಾಯಿತೆಂದು ಸಾಲುಸಾಲಾಗಿ ತೋರಿಸುತ್ತದೆ. ಆಮೇಲೆ ಒಂದು ದೊಡ್ಡ ಕಡತವನ್ನು ಏರಿಸುತ್ತಾ ಮತ್ತೆ ನೋಡುವುದು. 20ರ ಆಸುಪಾಸಿನಲ್ಲಿದ್ದದ್ದು ನೂರಾರಕ್ಕೆ ಏರಿದರೆ ರೋಗ ಸರದಿಯದೇ. ನಿಯಮ ಹಾಕಿದ ಮೇಲೆ ಅದು ಹೆಚ್ಚು ಏರದಿದ್ದರೆ ಔಷಧ ಹಿಡಿಯಿತೆಂದು ತಿಳಿಯಬಹುದು. ಏರುತ್ತಲೇ ಇದ್ದರೆ 9ನ್ನು 8.5 ಮಾಡಿ ನೋಡುವುದು.

ಪಾಲನ್ನು ತಾವೇ ಅಂಕಿಯಲ್ಲಿ ಹಂಚಬೇಕೆನ್ನುವವರಿಗೆ ಹೆಚ್‌ಟಿಬಿ ಎಂಬ ಇನ್ನೊಂದು ಪದ್ಧತಿಯಿದೆ. ಇದರಲ್ಲಿ ಪ್ರತಿ ದರ್ಜೆಗೂ ಒಂದು ಡಬ್ಬಿ; ಡಬ್ಬಿಗೆ ಗೊತ್ತಾದ ವೇಗದಲ್ಲಿ ಟೋಕನ್‌ಗಳು ಬೀಳುತ್ತಿರುತ್ತವೆ. ಪೊಟ್ಟಣವು ತನ್ನ ಗಾತ್ರಕ್ಕೆ ತಕ್ಕಷ್ಟು ಟೋಕನ್ ಕೊಟ್ಟು ಹೊರಗೆ ಹೋಗಬೇಕು, ಇಲ್ಲದಿದ್ದರೆ ಕಾಯಬೇಕು. ಒಟ್ಟು 9 ಮೆಗಾಬಿಟ್ಟಿನಲ್ಲಿ ಮಾತಿಗೆ 3, ಅರ್ಜಿ ಮತ್ತು ಓದಿಗೆ 4, ದೊಡ್ಡ ಕಡತಗಳಿಗೆ 2 ಎಂದು ಹಂಚಬಹುದು. ಒಂದು ದರ್ಜೆಯವರು ಇಲ್ಲದಿದ್ದಾಗ ಅವರ ಟೋಕನ್‌ಗಳನ್ನು ಉಳಿದವರು ಸಾಲ ಪಡೆಯುತ್ತಾರೆ. ರೇಟ್ ಎಂಬ ಪದ ಖಾತ್ರಿಯ ಪಾಲನ್ನೂ, ಸೀಲ್ ಎಂಬ ಪದ ಗರಿಷ್ಠ ಮಿತಿಯನ್ನೂ, ಪ್ರಿಯೊ ಎಂಬ ಪದ ಸಾಲ ಕೊಡುವಾಗಿನ ಸರದಿಯನ್ನೂ ಸೂಚಿಸುತ್ತವೆ. ಕೊನೆಯ ದರ್ಜೆಗೂ ಖಾತ್ರಿಯ ಪಾಲು ಇಟ್ಟಿರುವುದನ್ನು ಗಮನಿಸಬೇಕು. ಅದನ್ನು ತೀರ ಕಿರಿದು ಮಾಡಿಬಿಟ್ಟರೆ ಕೆಳಗಿನವನು ಉಪವಾಸ ಬೀಳುತ್ತಾನೆ.

ದರ್ಜೆಯ ಚೀಟಿ ಅಂಟಿಸುವವರು ಯಾರು?

ಯಾವ ಪೊಟ್ಟಣ ಮಾತಿನದು, ಯಾವುದು ಸಿನಿಮಾದ್ದು ಎಂದು ಯಂತ್ರಕ್ಕೆ ತಿಳಿಯುವುದು ಹೇಗೆ? 1981ರಲ್ಲಿ ಇಂಟರ್‌ನೆಟ್ ಪೊಟ್ಟಣದ ನಮೂನೆಯನ್ನು ನಿಗದಿಮಾಡಿದಾಗಲೇ ಅದರ ಮೇಲೆ ದರ್ಜೆ ಬರೆಯಲು ಒಂದು ಸಣ್ಣ ಚೌಕ ಬಿಟ್ಟಿದ್ದರು. ಆಗ ಎಂಟು ದರ್ಜೆಗಳಿದ್ದವು. ಅವುಗಳಲ್ಲಿ ಕೆಲವಕ್ಕೆ ಸೈನ್ಯದ ಸಂದೇಶಗಳ ದರ್ಜೆಗಳ ಹೆಸರನ್ನೇ ಇಟ್ಟಿದ್ದರು. 1998ರಲ್ಲಿ ಅದನ್ನು ತಿದ್ದಿ 64 ಸಂಖ್ಯೆಗಳಿಗೆ ಅವಕಾಶ ಮಾಡಿದರು. ಮಾತಿನ ಪೊಟ್ಟಣಕ್ಕೆ ಸಾಮಾನ್ಯವಾಗಿ ಬಳಸುವ ಸಂಖ್ಯೆ 46.

ಆದರೆ ಈ ಚೀಟಿಯನ್ನು ಎಲ್ಲರೂ ಅಂಟಿಸುವುದಿಲ್ಲ. ಅಂಟಿಸಿದ್ದು ದಾರಿಯಲ್ಲಿ ಅಳಿಸಿಹೋಗುವುದೂ ಉಂಟು. ಕರೆಗಳೆಲ್ಲ ಈಗ ಗುಪ್ತಲಿಪಿಯಲ್ಲಿ ಹೋಗುವುದರಿಂದ ಒಳಗಿನ ಮಾತನ್ನು ಯಂತ್ರ ಓದಲಾರದು, ಓದಬಾರದು ಸಹ. ಮತ್ತೆ, ಸುಳ್ಳು ಚೀಟಿ ಅಂಟಿಸಿ ಸಿನಿಮಾವನ್ನು ಮಾತೆಂದು ನುಗ್ಗಿಸುವವರೂ ಇರಬಹುದು. ಕೇಕ್ ಪದ್ಧತಿ ಇದಕ್ಕೆ ಒಂದು ತಡೆ ಇಟ್ಟಿದೆ. ನಾಲ್ಕು ದರ್ಜೆಯ ಏರ್ಪಾಟಿನಲ್ಲಿ ಮಾತಿನ ದರ್ಜೆಯು ಲೈನಿನ ಕಾಲುಭಾಗವನ್ನು ದಾಟಿತೆಂದರೆ ಅದರ ಮೇಲುಸ್ಥಾನ ಹೋಗುತ್ತದೆ. ನಿಜವಾದ ಮಾತಿಗೆ ಕಾಲುಭಾಗ ಧಾರಾಳವಾಗಿ ಸಾಕು.

ಚೀಟಿಯೇ ಇಲ್ಲದಿದ್ದರೂ ನೇಗಲ್ ಅವರ ಸುತ್ತು ಪದ್ಧತಿ ಮುಕ್ಕಾಲು ಕೆಲಸವನ್ನು ಮಾಡಿಕೊಡುತ್ತದೆ. ಮಾತಿನ ಹರಿವು ತೆಳುವಾದದ್ದು. ಅದರ ಸಾಲಿನಲ್ಲಿ ಒಂದೋ ಎರಡೋ ಪೊಟ್ಟಣ ಮಾತ್ರ ಇರುತ್ತವೆ. ಸುತ್ತು ಬಂದಾಗ ಅದು ಕೂಡಲೆ ಹೊರಟುಬಿಡುತ್ತದೆ. ಹೀಗೆ, ಯಾರಿಗೂ ವಿಶೇಷ ಮರ್ಯಾದೆ ಕೊಡದೆ ಎಲ್ಲರಿಗೂ ಸಮಪಾಲು ಹಂಚಿದರೆ, ಕಡಿಮೆ ಬೇಕಾದವನ ಕೆಲಸ ತಾನಾಗಿಯೇ ಬೇಗ ಆಗುತ್ತದೆ. ಮೇಲೆ ಕೇಳಿದ ಅಳತೆಗೋಲಿನ ಪ್ರಶ್ನೆಗೆ ಇದೇ ನಮ್ಮ ಉತ್ತರ. ಹಣವೂ ಬೇಡ, ಹುದ್ದೆಯೂ ಬೇಡ. ಮೊದಲು ಆಳಿಗೊಂದು ಪಾಲು, ಅದರೊಳಗೆ ಮಾತಿಗೆ ಮುಂದಿನ ಸ್ಥಾನ, ಕೊನೆಯವನಿಗೂ ಖಾತ್ರಿಯ ತುತ್ತು.

ನಿಯಮದಿಂದ ಆಗದ ಕೆಲಸ

ಸರದಿಯಿಂದ ಲೈನು ಅಗಲವಾಗುವುದಿಲ್ಲ ಎಂಬುದನ್ನು ಮರೆಯಬಾರದು. ಇಪ್ಪತ್ತು ಜನರು ಒಮ್ಮೆಗೇ ಸಿನಿಮಾ ನೋಡಹೊರಟರೆ ಯಾವ ಟಿಸಿಯೂ ನೆರವಾಗದು. ಅಂಥಲ್ಲಿ ದಾರಿಯನ್ನೇ ಅಗಲಿಸಬೇಕು. ನಮ್ಮ ಊರಿನಿಂದಲೇ ಇದಕ್ಕೊಂದು ಉದಾಹರಣೆಯುಂಟು. ಅಂಡಮಾನ್ ದ್ವೀಪಗಳ ಜನರು ಬಹುಕಾಲ ಉಪಗ್ರಹದ ಇಕ್ಕಟ್ಟಾದ ಸಂಪರ್ಕವನ್ನೇ ನಂಬಿಕೊಂಡಿದ್ದರು. ಎಷ್ಟು ಚೆನ್ನಾಗಿ ಸರದಿ ಮಾಡಿದರೂ ಅದು ಸಾಲುತ್ತಿರಲಿಲ್ಲ. ಚೆನ್ನೈಯಿಂದ ಸಮುದ್ರದ ತಳದಲ್ಲಿ ಪೋರ್ಟ್ ಬ್ಲೇರಿಗೂ ಇತರ ದ್ವೀಪಗಳಿಗೂ ಸುಮಾರು 2,300 ಕಿಲೋಮೀಟರ್ ಕೇಬಲ್ ಹಾಸಿ, 2020ರ ಆಗಸ್ಟ್ 10ರಂದು ಅದನ್ನು ಉದ್ಘಾಟಿಸಿದ ಮೇಲೆಯೇ ಅವರ ಕಷ್ಟ ನೀಗಿದ್ದು.

2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದ ದಿನಗಳಲ್ಲಿ ಆದಂತೆ, ನಗರದಲ್ಲಿ ಕರೆಂಟೂ ಸಂಪರ್ಕವೂ ನಿಂತುಹೋದಾಗ ನಮ್ಮ ನಿಯಮ ಏನನ್ನೂ ಮಾಡಲಾರದು. ಆದರೆ ಸಂಪರ್ಕವು ಮತ್ತೆ ಬಂದಾಗ ಮೊದಮೊದಲು ಅರ್ಧಂಬರ್ಧವಾಗಿಯೇ ಬರುತ್ತದೆ. "ನಾನು ಕ್ಷೇಮ" ಎಂದು ಊರಿಗೆ ತಿಳಿಸಲು ಎಲ್ಲರೂ ಒಮ್ಮೆಗೇ ಕೂಡುವ ಹೊತ್ತೂ ಅದೇ. ಸರದಿಯ ಬೆಲೆ ಆ ದಿನ ತಿಳಿಯುತ್ತದೆ.

ನಿಯಮ ಬಯಲಿನಲ್ಲಿರಲಿ

ಕೊನೆಯದಾಗಿ ಒಂದು ಮಾತು. ಸರದಿಯನ್ನು ನಿರ್ಣಯಿಸುವ ಅಧಿಕಾರ ಸಣ್ಣದಲ್ಲ. ಲೈನು ಕೊಡುವ ಕಂಪನಿಗಳು ಯಾವ ತಾಣ ನೋಡುತ್ತೀರೆಂಬುದರ ಮೇಲೆ ಬೇರೆ ಬೇರೆ ದರ ವಿಧಿಸಕೂಡದೆಂದು ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2016ರ ಫೆಬ್ರವರಿ 8ರಂದು ನಿಯಮ ಹೊರಡಿಸಿತು. ಒಂದು ವಾಚನಾಲಯವು ತನ್ನ ಕೋಣೆಯಲ್ಲಿ ಮಾಡಿಕೊಳ್ಳುವ ಸರದಿಗೂ ಆ ನಿಯಮಕ್ಕೂ ನೇರ ಸಂಬಂಧವಿಲ್ಲ. ಆದರೂ ಅದರ ಹಿಂದಿನ ನೀತಿ ನಮಗೂ ಸಲ್ಲತಕ್ಕದ್ದು. ಯಾವ ಪತ್ರಿಕೆ ಓದುತ್ತಾರೆ, ಯಾವ ಹಾಡು ಕೇಳುತ್ತಾರೆ ಎಂದು ನೋಡಿ ಒಬ್ಬರನ್ನು ಮುಂದೆ, ಒಬ್ಬರನ್ನು ಹಿಂದೆ ಮಾಡಬಾರದು. ಕಪ್ಪು ಪರದೆಯಲ್ಲಿ ಬರೆದದ್ದು ಯಾರಿಗೂ ಕಾಣುವುದಿಲ್ಲವೆಂದು ಅಲ್ಲಿ ಬೇರೊಂದು ನಿಯಮ ಇಡಬಾರದು.

ಆದುದರಿಂದ ಈ ಕೆಳಗಿನ ನಾಲ್ಕು ಅಂಶಗಳನ್ನು ಸದಸ್ಯರ ಮುಂದಿಡುತ್ತಿದ್ದೇವೆ. ಒಂದು: ಹಾಜರಿರುವ ಪ್ರತಿಯೊಬ್ಬರಿಗೂ ಸಮನಾದ ಪಾಲು. ಎರಡು: ಆ ಪಾಲಿನೊಳಗೆ ಮಾತಿಗೆ ಮುಂದಿನ ಸ್ಥಾನ. ಮೂರು: ದೊಡ್ಡ ಕಡತಗಳಿಗೆ ಕೊನೆಯ ಸ್ಥಾನ, ಆದರೆ ಖಾತ್ರಿಯ ಪಾಲು. ನಾಲ್ಕು: ಯಂತ್ರದಲ್ಲಿ ಬರೆದ ಅಪ್ಪಣೆಗಳನ್ನು ಇದ್ದದ್ದಿದ್ದಂತೆ, ಕನ್ನಡದ ಅರ್ಥದೊಡನೆ, ಸೂಚನಾ ಫಲಕದಲ್ಲಿ ಅಂಟಿಸತಕ್ಕದ್ದು, ಬದಲಾವಣೆ ಮಾಡಿದರೆ ತಾರೀಖು ಹಾಕಿ ಬರೆಯತಕ್ಕದ್ದು.

ಇದರಲ್ಲಿ ಭಿನ್ನಾಭಿಪ್ರಾಯವಿರುವವರು ಸಲಹಾ ಪುಸ್ತಕದಲ್ಲಿ ಬರೆಯಬೇಕಾಗಿ ಕೋರುತ್ತೇವೆ. ಅಪ್ಪಣೆಗಳನ್ನು ಬರೆಯಲು ಕಲಿಯಬೇಕೆನ್ನುವವರು ಭಾನುವಾರ ಬೆಳಿಗ್ಗೆ ಬಂದರೆ ಯಂತ್ರದ ಮುಂದೆಯೇ ಕೂರಿಸಿ ತೋರಿಸಲಾಗುವುದು. ಇಂಗ್ಲಿಷ್ ಅಕ್ಷರಗಳನ್ನು ಗುರುತಿಸಬಲ್ಲವರಾದರೆ ಸಾಕು. ಅಷ್ಟರವರೆಗೆ, ವಾಚನಾಲಯದೊಳಗೆ ಬರುವಾಗ ಫೋಟೋಗಳನ್ನು ತಾನಾಗಿ ಏರಿಸುವ ಏರ್ಪಾಟನ್ನು ತಮ್ಮ ಫೋನಿನಲ್ಲಿ ನಿಲ್ಲಿಸಿಕೊಂಡು ಬಂದರೆ, ಪಕ್ಕದಲ್ಲಿ ಕೂತು ಊರಿಗೆ ಮಾತಾಡುತ್ತಿರುವವರಿಗೆ ಅದೇ ದೊಡ್ಡ ಉಪಕಾರ.